ದೊರೆಯನ್ನು ಹೊಂಗೆ ಹಾದಿಗೆ ಕರೆದೊಯ್ದದ್ದು

ರಾಯದುರ್ಗದ ಗುಡ್ಡದ ಬುಡದ ಓಣಿಯಲ್ಲಿ ಯಾರಾದರೂ ಜಗಳಕ್ಕೆ ನಿಂತರೆ, "ಉಜ್ಜಿನಮ್ಮನ್ನ ಕರೀಲೇನು?" ಎಂದು ಹೆದರಿಸುವ ರೂಢಿ ಇತ್ತು. ಕರೆಯುವ ಮೊದಲೇ ಅರ್ಧ ಜಗಳ ತಣ್ಣಗಾಗುತ್ತಿತ್ತು. ಆಳು ನೋಡಿದರೆ ಕುಳ್ಳಿ, ತೆಳ್ಳಗೆ ಬಾರುಕೋಲಿನ ಹಾಗೆ. ದನಿ ಮಾತ್ರ ಓಣಿಯ ಈ ತುದಿಯಲ್ಲಿ ಎದ್ದರೆ ಆ ತುದಿಯ ಕೋಳಿ ಎಗರಿ ಗೋಡೆ ಹತ್ತಬೇಕು, ಅಂಥದ್ದು.

ಅವಳು ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ ಪ್ಯಾಂಟಿಗೆ ಜಿಪ್ ಕೂರಿಸುತ್ತಿದ್ದಳು. ಒಂದು ಬೇಸಿಗೆಯಲ್ಲಿ, ಫ್ಯಾನು ಹಾಕಿದರೆ ಬಟ್ಟೆಯ ನೂಲಿನ ಹಿಂಜು ಹಾರುತ್ತದೆ ಅಂತ ಮೇಸ್ತ್ರಿ ಎಲ್ಲ ಫ್ಯಾನೂ ಬಂದ್ ಮಾಡಿಸಿದ. ಉಜ್ಜಿನಮ್ಮ ಮಷೀನು ಆಫ್ ಮಾಡಿ, ಮೇಸ್ತ್ರಿಯ ಟೇಬಲ್ ಫ್ಯಾನನ್ನು ಪ್ಲಗ್ಗಿನಿಂದ ಕಿತ್ತು ತಂದು ಹೆಂಗಸರ ನಡುವೆ ಇಟ್ಟು, ಮತ್ತೆ ಕೆಲಸಕ್ಕೆ ಕೂತಳು. "ಈಗ ಹಾರಲಿ ನೋಡೋಣ ಹಿಂಜು, ಯಾರ ಮೂಗಿಗೆ ಹೊಕ್ಕೈತಿ" ಅಂದಳು. ಮಾರನೇ ದಿನ ಎಲ್ಲ ಫ್ಯಾನೂ ತಿರುಗಿದವು.

ಅವಳ ಗಂಡ ಬೋರಣ್ಣ ಆಟೋ ಓಡಿಸುತ್ತಿದ್ದ. ದೇವರು ಜೋಡಿ ಕೂಡಿಸುವಾಗ ಬೇಕಂತಲೇ ಹೀಗೆ ಮಾಡಿದನೇನೋ, ಆತ ಹಾರ್ನ್ ಹೊಡೆಯಲೂ ಸಂಕೋಚಪಡುವ ಮನುಷ್ಯ. ಮಗಳು ಶ್ರಾವಣಿಯನ್ನು ಮಡಕಶಿರಕ್ಕೆ ಕೊಟ್ಟಿದ್ದರು. ಮನೆಯಲ್ಲಿ ಇವರಿಬ್ಬರು, ಜೊತೆಗೆ ದೊರೆ.

ದೊರೆ ಅಂದರೆ ನಾಯಿ. ಬೀದಿನಾಯಿ. ಎರಡು ಬೇಸಿಗೆ ಹಿಂದೆ ಬಸ್‌ಸ್ಟ್ಯಾಂಡಿನ ಹತ್ತಿರ ಒಬ್ಬ ಹೋಟೆಲಿನವನು, ಬಾಗಿಲಲ್ಲಿ ಮಲಗಿದ್ದ ಅದರ ಮೇಲೆ ಕುದಿಯುವ ಗಂಜಿ ಸುರಿದ. ಕೆಲಸ ಮುಗಿಸಿ ಬರುತ್ತಿದ್ದ ಉಜ್ಜಿನಮ್ಮನಿಗೆ ಮೊದಲು ಕೇಳಿಸಿದ್ದು ಕೂಗು. ಮನುಷ್ಯರ ಮಗು ಕೂಗಿದ ಹಾಗೇ ಇತ್ತು ಅಂತ ಆಮೇಲೆ ಹೇಳುತ್ತಿದ್ದಳು. ಅವನ ಕೈಯಿಂದ ಪಾತ್ರೆ ಕಿತ್ತುಕೊಂಡು ಮೋರಿಗೆ ಎಸೆದು, ಅವನ ಏಳು ತಲೆಮಾರನ್ನೂ ಬೀದಿಯಲ್ಲಿ ನಿಲ್ಲಿಸಿ ಬೈದು, ನಾಯಿಯನ್ನು ಸೆರಗಲ್ಲಿ ಸುತ್ತಿಕೊಂಡು ಬೋರಣ್ಣನ ಆಟೋದಲ್ಲಿ ದನದ ಆಸ್ಪತ್ರೆಗೆ ಒಯ್ದಳು. ನಾಯಿ ಬದುಕಿತು. ಆದರೆ ಬೆನ್ನ ಮೇಲೆ ಮತ್ತೆ ಕೂದಲು ಬರಲಿಲ್ಲ. ಸುಟ್ಟ ಚರ್ಮ ಎಳೆದುಕೊಂಡು ಹಿಂಗಾಲು ಒಂದು ಸೆಟೆದುಕೊಂಡಿತು. ಪಕ್ಕದಲ್ಲಿ ಯಾರಾದರೂ ಕೂತರೆ ಮಾತ್ರ ಅದು ಅನ್ನಕ್ಕೆ ಬಾಯಿ ಹಾಕುತ್ತಿತ್ತು. "ದೊರೆಗೋಳ ಊಟಕ್ಕ ನಾವು ಬೀಸಣಿಗಿ ಹಿಡಕೊಂಡು ಕುಂದ್ರಬೇಕು" ಎಂದು ಬೋರಣ್ಣ ನಕ್ಕ. ಅದೇ ಹೆಸರಾಯಿತು.

ಈ ಚೈತ್ರದಲ್ಲಿ ಆಸ್ಪತ್ರೆಯ ಡಾಕ್ಟರಮ್ಮ ಮೀನಾಕ್ಷಿ ಕಾಲು ಹಿಡಿದು ನೋಡಿ, "ನಡೆಸಬೇಕಮ್ಮ, ಇಲ್ಲಾಂದ್ರೆ ಕಾಲು ಪೂರ್ತಿ ಮರಗಟ್ಟುತ್ತೆ. ಆದರೆ ಬಿಸಿಲಲ್ಲಿ ಬೇಡ. ಆ ಬೆನ್ನು ಬಿಸಿಲು ತಡೆಯಲ್ಲ. ಒಳ್ಳೇ ನೆರಳಲ್ಲಿ, ಮಣ್ಣಿನ ನೆಲದ ಮೇಲೆ ನಡೆಸು" ಅಂದರು.

ನೆರಳು! ಉಜ್ಜಿನಮ್ಮನಿಗೆ ಆಸ್ಪತ್ರೆಯಿಂದ ಬರುವ ದಾರಿಯುದ್ದಕ್ಕೂ ಅದೇ ಮಾತು ಕುದಿಯಿತು. ಓಣಿಗೆ ಸಿಮೆಂಟ್ ರಸ್ತೆ ಹಾಕುವಾಗ ಇದ್ದ ಬೇವಿನಮರಗಳನ್ನೆಲ್ಲ ಕಡಿದು ಹಾಕಿದ್ದರು. ಆ ರಸ್ತೆ ಈಗ ರೊಟ್ಟಿ ಹಂಚು. ಹೊತ್ತು ಮುಳುಗಿದ ಮೇಲೂ ಕಾಲಿಡಲು ಆಗದು. ನಸುಕಿನಲ್ಲಿ ತಂಪಿರುತ್ತದೆ ಅಂದರೆ ಆ ಹೊತ್ತಿಗೆ ಓಣಿಯೆಲ್ಲ ಬೇರೆ ನಾಯಿಗಳ ರಾಜ್ಯ. ಕುಂಟುನಾಯಿ ಕಂಡರೆ ಗುಂಪು ಕಟ್ಟಿ ಬರುತ್ತಿದ್ದವು.

ಉಳಿದದ್ದು ಒಂದೇ ಜಾಗ, ಗುಡ್ಡದ ಹಿಂದಿನ ಹೊಂಗೆ ಹಾದಿ. ಗುಡ್ಡದ ಬುಡದಿಂದ ಹಳೇ ಬಾವಿಯವರೆಗೆ ಎರಡೂ ಕಡೆ ಹೊಂಗೆ, ನಡುನಡುವೆ ಹುಣಸೆ. ಮೇಲೆ ಕೊಂಬೆಗಳು ಕೂಡಿಕೊಂಡು ಮಧ್ಯಾಹ್ನದಲ್ಲೂ ಚಪ್ಪರ ಹಾಕಿದ ಹಾಗೆ. ಆ ಗಿಡಗಳಿಗೆ ಗುಂಡಿ ತೋಡಿದ್ದು, ಕೊಡದಲ್ಲಿ ನೀರು ಹೊತ್ತು ಹುಯ್ದದ್ದು ಉಪಾಧಿ ಕೂಲಿಯ, ಅಂದರೆ ಉದ್ಯೋಗ ಖಾತ್ರಿಯ, ಹೆಂಗಸರು. ಆಗ ಹೊಲಿಗೆ ಕಲಿಯದಿದ್ದ ಉಜ್ಜಿನಮ್ಮನೂ ಅವರಲ್ಲಿ ಒಬ್ಬಳು.

ಶನಿವಾರ ಸಂಜೆ ಅವಳು ಬೋರಣ್ಣನನ್ನು ಕೂರಿಸಿಕೊಂಡು ತಯಾರಿ ಶುರುಮಾಡಿದಳು.

"ನಾಳೆ ರಜಾ ಐತಿ. ಆಟೋದಾಗ ಗೇಟಿನ ತನಕ ದೊರೆನ್ನ ಕರಕೊಂಡು ಹೋಗೂದು. ಅಲ್ಲಿಂದ ಮೊದಲನೇ ಹುಣಸಿಮರದ ತನಕ ನಡಸೂದು. ಅಲ್ಲಿ ನೀರು ಕುಡಿಸೂದು. ಕಾಲು ನೋವಂದ್ರ ವಾಪಸ್. ಇಲ್ಲಾಂದ್ರ ಬಾವಿ ತನಕ."

ಬೋರಣ್ಣ ತಲೆ ಕೆರೆದುಕೊಂಡ. "ಬೇಲಿ, ಗೇಟು ಸುಮ್ನ ಹಾಕಿಲ್ಲ ಕಣ. ವಾಕಿಂಗ್‌ನೋರು ಸಮಿತಿ ಮಾಡ್ಯಾರ. ಬೋರ್ಡು ಬ್ಯಾರೆ ಐತಿ."

"ಏನಂತ?"

"ತೆಲುಗಿನಾಗ ಬರದಾರ. ಕುಕ್ಕಲಕು ಪ್ರವೇಶಂ ಲೇದು, ನಾಯಿಗೋಳಿಗೆ ಪ್ರವೇಶ ಇಲ್ಲ ಅಂತ."

ಉಜ್ಜಿನಮ್ಮ ಕತ್ತರಿ ಕೆಳಗಿಟ್ಟಳು. ಆ ಹೊತ್ತಿಗೆ ಅವಳು ಶೆಡ್ಡಿನಿಂದ ತಂದ ಜೀನ್ಸಿನ ಚೂರುಗಳನ್ನು ಜೋಡಿಸಿ ದೊರೆಯ ಬೆನ್ನಿಗೊಂದು ಹೊದಿಕೆ ಹೊಲಿಯುತ್ತಿದ್ದಳು. ಒಳಗೆ ಹಳೇ ಪಂಚೆಯ ಮೆತ್ತನೆಯ ಪದರ, ಹೊಟ್ಟೆಯ ಕೆಳಗೆ ಕಟ್ಟಲು ಎರಡು ಪಟ್ಟಿ. ಕುತ್ತಿಗೆಗೆ ಹಗ್ಗ ಹಾಕಿದರೆ ಸುಟ್ಟ ಚರ್ಮಕ್ಕೆ ತಾಗುತ್ತದೆ ಅಂತ ಎದೆಗೆ ಬರುವ ಹಾಗೆ ಬೆಲ್ಟು.

"ನಾನು ನೀರು ಹುಯ್ದ ಗಿಡದ ಬುಡಕ್ಕ ನನ್ನ ನಾಯಿ ಬರಬಾರದು ಅನ್ನಾಕ ಅವರ್ಯಾರು?" ಎಂದಳು. ಆಮೇಲೆ ಮತ್ತೆ ಹೊಲಿಯಲು ಕೂತಳು. ಸೂಜಿ ಬಟ್ಟೆಗೆ ಇಳಿಯುವ ರಭಸ ನೋಡಿ ಬೋರಣ್ಣ ಎದ್ದು ಆಟೋದ ಟೈರಿಗೆ ಗಾಳಿ ತುಂಬಿಸಲು ಹೋದ.

ಭಾನುವಾರ ಬೆಳಿಗ್ಗೆ ನೀರಿನ ಬಾಟಲಿ, ಸ್ಟೀಲಿನ ಬಟ್ಟಲು, ಒಣರೊಟ್ಟಿಯ ಚೂರು ಚೀಲಕ್ಕೆ ಹಾಕಿಕೊಂಡು ಹೊರಟರು. ದೊರೆ ಆಟೋದ ಹಿಂದಿನ ಸೀಟಿನಲ್ಲಿ ಉಜ್ಜಿನಮ್ಮನ ತೊಡೆಗೆ ಒರಗಿ ಕೂತು ಹೆಸರಿಗೆ ತಕ್ಕಂತೆ ಊರು ನೋಡುತ್ತಾ ಬಂತು.

ಗೇಟಿನಲ್ಲಿ ಕಾವಲುಗಾರ ಸೂರಪ್ಪ ಸ್ಟೂಲಿನಿಂದ ಎದ್ದ. "ಯಕ್ಕಾ, ನಾಯಿ ಬಿಡಂಗಿಲ್ಲ. ಬೋರ್ಡು ನೋಡ್ರಿ."

ಅಷ್ಟು ಸಾಕಾಯಿತು. ಉಜ್ಜಿನಮ್ಮ ಅವನ ಮೇಲೆ ಬಿದ್ದಳು. ಖಾಕಿ ಅಂಗಿ ಹಾಕಿಕೊಂಡ ಮಾತ್ರಕ್ಕೆ ಗುಡ್ಡ ನಿನ್ನ ಹೆಸರಿಗೆ ಬರೆದುಕೊಟ್ಟಿದ್ದಾರೇನು, ಕಣ್ಣಿಗೆ ಕುಂಟುಕಾಲು ಕಾಣದೇನು, ನಿಮ್ಮಪ್ಪ ನೆಟ್ಟಿದ್ದನೇನು ಈ ಮರ ಅಂತ. ಸೂರಪ್ಪ ತಲೆ ತಗ್ಗಿಸಿ ನಿಂತು, ಉಸಿರು ತೆಗೆದುಕೊಳ್ಳಲು ಅವಳು ನಿಂತಾಗ, "ನಮ್ಮವ್ವನೂ ನಿಮ್ಮ ಜೋಡಿ ನೀರು ಹೊತ್ತಾಳ ಯಕ್ಕಾ. ನಾನೇನು ಮಾಡ್ಲಿ ಹೇಳ್ರಿ. ಬಿಟ್ಟರ ನಾಳೆಯಿಂದ ಬರಬ್ಯಾಡ ಅಂತಾರ" ಅಂದ.

ಉಜ್ಜಿನಮ್ಮನಿಗೆ ತಪ್ಪು ಬಾಗಿಲಿಗೆ ಕಲ್ಲು ಹೊಡೆದೆ ಅನ್ನಿಸಿತು. ಅದರಿಂದ ಸಿಟ್ಟು ಇಳಿಯಲಿಲ್ಲ, ಇನ್ನೂ ಏರಿತು. ಆದರೆ ಅದು ಹೋಗಿ ಬಡಿಯಲು ಸರಿಯಾದ ಬಾಗಿಲಿರಲಿಲ್ಲ.

ಅಷ್ಟರಲ್ಲಿ ಬಾಗಿಲು ತಾನಾಗೇ ನಡೆದುಕೊಂಡು ಬಂತು. ಹೊಂಗೆ ಹಾದಿಯ ಒಳಗಿನಿಂದ ಬಟ್ಟೆ ಅಂಗಡಿಯ ತಿಪ್ಪೇರುದ್ರಪ್ಪ ಬರುತ್ತಿದ್ದರು. ಸಮಿತಿಯ ಅಧ್ಯಕ್ಷರು. ಬಿಳೀ ಶೂ, ಬಿಳೀ ಟೋಪಿ. ಕೈಯಲ್ಲಿ ಚರ್ಮದ ಬೆಲ್ಟು. ಬೆಲ್ಟಿನ ಕೊನೆಗೆ ಕರುವಿನ ಗಾತ್ರದ, ಮೈತುಂಬ ಹೊಂಬಣ್ಣದ ಕೂದಲಿನ ನಾಯಿ.

ಉಜ್ಜಿನಮ್ಮ ಬೋರ್ಡಿನ ಕಡೆ ಕೈ ತೋರಿಸಿ, ಬಹಳ ಮೆತ್ತಗೆ ಕೇಳಿದಳು. ಅವಳು ಮೆತ್ತಗೆ ಮಾತಾಡಿದರೆ ಬೋರಣ್ಣನಿಗೆ ಬೆವರು ಬರುತ್ತಿತ್ತು.

"ಸಾವ್ಕಾರ್ರೆ, ನಿಮ್ಮ ನಾಯಿಗೆ ತೆಲುಗು ಓದಾಕ ಬರಂಗಿಲ್ಲೇನ್ರಿ?"

ಸುತ್ತ ವಾಕಿಂಗಿನವರು ಒಬ್ಬಿಬ್ಬರು ನಿಂತರು. ಯಾರೋ ಕಿಸಕ್ಕನೆ ನಕ್ಕರು. ತಿಪ್ಪೇರುದ್ರಪ್ಪನವರ ಮುಖ ಕೆಂಪಾಯಿತು.

"ನೋಡಮ್ಮ, ಇದು ಬ್ರೀಡು. ಸೂಜಿ ಎಲ್ಲಾ ಆಗೈತಿ. ಬೋರ್ಡು ಹಾಕಿದ್ದು ಬೀದಿನಾಯಿಗೋಳಿಗೆ."

"ಬೀದಿನಾಯಿ ಅಂತ ಬರದಿಲ್ರಲ್ಲ. ಕುಕ್ಕ ಅಂದ್ರ ಎಲ್ಲಾ ಕುಕ್ಕನ. ನಂದಕ್ಕೂ ಸೂಜಿ ಆಗೈತಿ. ಡಾಕ್ಟರಮ್ಮನ್ನ ಕೇಳ್ರಿ."

"ಸೂಜಿ ಒಂದ ಅಲ್ಲಮ್ಮ." ಅವರು ದೊರೆಯ ಕಡೆ ನೋಡಿ ಮುಖ ಸಿಂಡರಿಸಿದರು. "ಹೆಣ್ಣುಮಕ್ಕಳು, ಸಣ್ಣಹುಡುಗರು ಬರೋ ಜಾಗ. ಹೊದಿಕಿ ಸರಿದ್ರ ಆ ಬೆನ್ನು ನೋಡಿ ಯಾರರ ಹೇಸ್ಕೊಂಡ್ರ? ಆರೋಗ್ಯಕ್ಕ ಬಂದೋರು ಬೆಳಿಗ್ಗೆ ಬೆಳಿಗ್ಗೆ ಇಂಥಾದ್ದು ನೋಡಬೇಕಾ?"

ಆ ಕ್ಷಣ ಉಜ್ಜಿನಮ್ಮ ಕೂಗುತ್ತಾಳೆ ಅಂತ ಎಲ್ಲರೂ ಕಾದರು. ಅವಳು ಕೂಗಲಿಲ್ಲ. ನೆಲಕ್ಕೆ ಕೂತು, ರಾತ್ರಿಯೆಲ್ಲ ಹೊಲಿದ ಹೊದಿಕೆಯ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿ, ಬೆನ್ನು ಬರಿದು ಮಾಡಿದಳು. ಬಿಸಿಲಿಗೆ ಒಡೆದ ಕೆರೆಯ ನೆಲದ ಹಾಗಿದ್ದ, ತಿಳಿಗೆಂಪು, ಕಪ್ಪು ಮಚ್ಚೆಯ ಚರ್ಮ. ತನ್ನ ನೆರಳು ಅದರ ಮೇಲೆ ಬೀಳುವ ಹಾಗೆ ಬಗ್ಗಿ ನಿಂತು, "ನೋಡ್ರಿ" ಅಂದಳು. "ಎಲ್ಲಾರೂ ನೋಡ್ರಿ. ಇದು ರೋಗ ಅಲ್ಲ. ಕುದಿಯೋ ಗಂಜಿ ಹುಯ್ದಾನ ಒಬ್ಬ ಮನಿಷಾ. ಹೇಸ್ಕೋಬೇಕಂದ್ರ ಅವನ್ನ ನೋಡಿ ಹೇಸ್ಕೊಳ್ರಿ. ಅವನು ಹೋದ ವಾರ ಇದ ಗೇಟಿನಾಗ ನಗುನಗುತಾ ಒಳಗ ಹೋದದ್ದು ನಾನು ಕಂಡೀನಿ. ಅವನಿಗೆ ಯಾವ ಬೋರ್ಡು ಐತಿ?"

ತಿಪ್ಪೇರುದ್ರಪ್ಪ, "ಇದೆಲ್ಲ ಇಲ್ಯಾಕಮ್ಮ" ಎನ್ನುತ್ತಾ ತಮ್ಮ ಕಾರಿನ ಕಡೆ ಹೊರಟರು. ಹೊರಟರೆ, ಕಾರಿನ ಮುಂದೆ ಅಡ್ಡಲಾಗಿ ಬೋರಣ್ಣನ ಆಟೋ ನಿಂತಿತ್ತು.

"ತೆಗಿಯಪ್ಪ ಇದನ್ನ."

ಬೋರಣ್ಣ ಕೈಮುಗಿದ. "ಸ್ಟಾರ್ಟ್ ಆಗವಲ್ದ್ರಿ ಸಾವ್ಕಾರ್ರೆ."

ಆತ ಕೀಲಿ ಜೇಬಿಗೆ ಹಾಕಿಕೊಂಡದ್ದನ್ನು ಉಜ್ಜಿನಮ್ಮ ನೋಡಿದ್ದಳು. ಮದುವೆಯಾಗಿ ಇಷ್ಟು ವರ್ಷಕ್ಕೆ ಆತ ಆಡಿದ ಮೊದಲ ಸುಳ್ಳು ಅದೇ ಇರಬೇಕು. ಕಿವಿಯವರೆಗೂ ಕೆಂಪಾಗಿದ್ದ. ಆದರೆ ಕೀಲಿ ತೆಗೆಯಲಿಲ್ಲ.

ಬಿಸಿಲು ಏರುತ್ತಿತ್ತು. ಗೇಟಿನ ಹೊರಗೆ ಒಂದು ಹಿಡಿ ನೆರಳಿಲ್ಲ. ತಿಪ್ಪೇರುದ್ರಪ್ಪ ಯಾರಿಗೋ ಫೋನು ಹಚ್ಚಿ ನಿಂತರು. ಅವರ ದೊಡ್ಡ ನಾಯಿ ಕಾದ ನೆಲದ ಮೇಲೆ ಒಂದೊಂದೇ ಕಾಲು ಎತ್ತಿಡುತ್ತಾ, ನಾಲಿಗೆ ಮೊಳದುದ್ದ ಹೊರಹಾಕಿ ಏದುತ್ತಿತ್ತು. ಆ ದಟ್ಟ ಕೂದಲಿನಲ್ಲಿ ಅದಕ್ಕೆ ಎಂಥ ಸೆಕೆಯೋ. ಉಜ್ಜಿನಮ್ಮ ಅದನ್ನೇ ದುರುಗುಟ್ಟಿ ನೋಡಿದಳು. ಆಮೇಲೆ ಸಿಟ್ಟಿನಿಂದಲೇ ಬಾಟಲಿ ತೆಗೆದು ಬಟ್ಟಲಿಗೆ ನೀರು ಸುರಿದು ಅದರ ಮುಂದೆ ಕುಕ್ಕಿದಳು.

"ಕುಡಿ. ನಿನ್ನ ಮ್ಯಾಲೇನಿಲ್ಲ ನನ್ನ ಸಿಟ್ಟು."

ಅದು ಗಟಗಟನೆ ಕುಡಿಯಿತು. ದೊರೆ ಕುಂಟುತ್ತಾ ಹೋಗಿ ಅದರ ಪಕ್ಕದಲ್ಲೇ ಬಟ್ಟಲಿಗೆ ಮೂತಿ ಇಟ್ಟಿತು.

ತಿಪ್ಪೇರುದ್ರಪ್ಪ ಫೋನು ಕೆಳಗಿಳಿಸಿ ಆ ಎರಡು ನಾಯಿಗಳನ್ನು ನೋಡಿದರು. "ಆಯ್ತು, ಇವತ್ತೊಂದು ದಿನ ಹೋಗಿಬಾರಮ್ಮ" ಅಂದರು.

"ಇವತ್ತೊಂದು ದಿನ ಬ್ಯಾಡ್ರಿ." ಉಜ್ಜಿನಮ್ಮ ಹೊದಿಕೆ ಮತ್ತೆ ಕಟ್ಟುತ್ತಾ ಹೇಳಿದಳು. "ನಾನು ಭಿಕ್ಷಾ ಬೇಡಾಕ ಬಂದಿಲ್ಲ. ನಿಮ್ಮದು ಬರೂ ದಿನ ನಂದೂ ಬರತೈತಿ. ಬ್ಯಾಡಂದ್ರ ಎರಡೂ ಹೊರಗ. ಸೂರಪ್ಪನ್ನ ಇದರಾಗ ಎಳೀಬ್ಯಾಡ್ರಿ. ಅವನು ತಡದಾನ, ನಾನ ನುಗ್ಗೀನಿ. ಇಷ್ಟು ಮಂದಿ ಸಾಕ್ಷಿ ಅದಾರ."

ಹಾಗೆ ಹೇಳಿ ಬೆಲ್ಟು ಹಿಡಿದು ಒಳಗೆ ಹೊಕ್ಕಳು. ಸೂರಪ್ಪ ಕೈ ಅಡ್ಡ ಹಿಡಿದ. ಅವಳು ಅದನ್ನು ಮೆಲ್ಲಗೆ ಸರಿಸಿದಳು, ಅವನೂ ಸರಿಸಲು ಬಿಟ್ಟ.

ಒಳಗೆ ನೆಲ ತಂಪಾಗಿತ್ತು. ಉದುರಿದ ಹೊಂಗೆಹೂವು ಮಣ್ಣಿನ ಮೇಲೆ ಹಾಸಿತ್ತು. ದೊರೆ ಮೊದಲು ಒಂದೆರಡು ಹೆಜ್ಜೆ ಅನುಮಾನಿಸಿ ಇಟ್ಟಿತು, ಕಾಲು ಸುಡುತ್ತಿಲ್ಲವೆಂದು ಗೊತ್ತಾದ ಮೇಲೆ ಮೂಗು ನೆಲಕ್ಕೆ ಹಚ್ಚಿ ನಡೆಯಿತು. ಉಜ್ಜಿನಮ್ಮನಿಗೆ ಹೇಳದೇ ಉಳಿದ ಬೈಗುಳಗಳೆಲ್ಲ ಆಗ ನೆನಪಾದವು. ಒಬ್ಬಳೇ ಗೊಣಗುತ್ತಾ ನಡೆದಳು. ಮೊದಲ ಹುಣಸೆಮರದ ಹತ್ತಿರ ದೊರೆ ಕೂತುಬಿಟ್ಟಿತು. ಬಾವಿ ಇನ್ನೂ ದೂರವಿತ್ತು. ಅವಳೂ ಬೇರಿನ ಮೇಲೆ ಕೂತು ರೊಟ್ಟಿ ಮುರಿದು ಕೊಟ್ಟಳು. ಕಣ್ಣಲ್ಲಿ ನೀರು ಬಂತು, ಅದಕ್ಕೂ ಅವಳಿಗೆ ಸಿಟ್ಟೇ ಬಂತು.

ಆ ವಾರ ಸಮಿತಿಯವರು ಸಭೆ ಸೇರಿ ಬಹಳ ಹೊತ್ತು ವಾದ ಮಾಡಿದರಂತೆ. ಭಾನುವಾರ ಗೇಟಿನಲ್ಲಿದ್ದವರೇ ಕೆಲವರು, ಒಂದೊಂದು ನಾಯಿಗೆ ಒಂದೊಂದು ನ್ಯಾಯ ಸರಿಯಲ್ಲ ಅಂದರಂತೆ. ಕೊನೆಗೆ ಬೋರ್ಡಿನ ಮೇಲೆ ಬಣ್ಣ ಬಳಿದು, ಬೆಲ್ಟು ಹಾಕಿ ಹಿಡಿದುಕೊಂಡ ನಾಯಿಗಳು ಬರಬಹುದು ಅಂತ ಬರೆಸಿದರು. ಸೂರಪ್ಪನ ಕೆಲಸ ಉಳಿಯಿತು. ತಿಪ್ಪೇರುದ್ರಪ್ಪ ಮಾತ್ರ ಉಜ್ಜಿನಮ್ಮ ಬರುವ ಹೊತ್ತಿಗೆ ಬರುವುದನ್ನು ಬಿಟ್ಟರು. ಎದುರಾದರೂ ಮಾತಾಡುತ್ತಿರಲಿಲ್ಲ, ಅವಳೂ ಮಾತಾಡಿಸಲಿಲ್ಲ. ಕ್ಷಮೆ ಯಾರೂ ಕೇಳಲಿಲ್ಲ.

ಭಾನುವಾರ ಬಿಟ್ಟು ಉಳಿದ ದಿನ ಬೋರಣ್ಣ ಬೆಳಗಿನ ಬಾಡಿಗೆಗೆ ಮೊದಲು ದೊರೆಯನ್ನು ನಡೆಸಿ ತರುತ್ತಿದ್ದ. ಮುಂಗಾರಿನ ಹೊತ್ತಿಗೆ ಅದರ ಕಾಲು ಪೂರ್ತಿ ಸರಿಯಾಗದಿದ್ದರೂ ಬಾಗಲು ಶುರುವಾಯಿತು. ಒಂದು ಭಾನುವಾರ ಹಾದಿಯಲ್ಲಿ ಅಳಿಲು ಕಂಡು ದೊರೆ ಒಮ್ಮೆಲೇ ಜಗ್ಗಿತು. ಬೆಲ್ಟು ಕೈತಪ್ಪಿತು. ಕುಂಟುತ್ತಾ, ಎಗರುತ್ತಾ, ಬಾವಿಯ ಕಡೆಗೆ ಓಡಿಯೇ ಓಡಿತು.

"ಲೇ ದೊರೆ! ಬೆಲ್ಟು ಬಿಡಿಸ್ಕೊಂಡು ಓಡಿದ್ರ ನಿನಗೂ ನನಗೂ ಬಾಗ್ಲಾ ಹಾಕ್ತಾರಲೇ! ನಿಲ್ಲು ಅಂದ್ರ!" ಎಂದು ಅರಚುತ್ತಾ ಉಜ್ಜಿನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಅದರ ಹಿಂದೆ ಓಡಿದಳು.