ಅವ್ವ ಪಾಸಾದ ವರ್ಷ

ಎಪ್ಪತ್ತರ ದಶಕದ ಆ ದಿನಗಳಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರ ಬಂತೆಂದರೆ ನಮ್ಮ ತಿರ್ಲಾಪುರದಲ್ಲಿ ಕೈ ತೊಳೆದ ಹುಡುಗರು ಸಿಗುತ್ತಿರಲಿಲ್ಲ. ಮೊದಲ ಮಳೆಗೆ ನೆನೆದ ಎರೆಮಣ್ಣು ತಂದು ಕಲಸಿ ಎತ್ತು ಮಾಡುವುದು, ಕಣ್ಣಿಗೆ ಜೋಳದ ಕಾಳು ಇಡುವುದು, ಕೋಡು ಮುರಿದರೆ ಜಗಳ ಆಡುವುದು, ಇಷ್ಟೇ ನಮ್ಮ ಕೆಲಸ. ಒಂದು ವರ್ಷ ಮಾತ್ರ ನನ್ನ ಎತ್ತುಗಳು ಅರ್ಧಕ್ಕೇ ಉಳಿದವು. ಅದು ಅವ್ವ ಮತ್ತು ಅಕ್ಕ ಇಬ್ಬರೂ ಸರಕಾರದ ಹೊಲಿಗೆ ಪರೀಕ್ಷೆಗೆ ಕೂತ ವರ್ಷ.

ಕಲಿಯಬೇಕು ಎಂದವಳು ನನ್ನ ಅಕ್ಕ ಕಸ್ತೂರಿ. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸು ಮಾಡಿ ಮನೆಯಲ್ಲಿ ಕೂತಿದ್ದಳು. ನವಲಗುಂದದಲ್ಲಿ ಹೊಲಿಗೆ ಕ್ಲಾಸು ಸುರುವಾಗಿದೆ, ಪರೀಕ್ಷೆ ಪಾಸಾದರೆ ಸಾಲೆಯಲ್ಲಿ ಹೊಲಿಗೆ ಕಲಿಸುವ ನೌಕರಿ ಸಿಗುತ್ತದೆ ಎಂದು ಯಾರೋ ಹೇಳಿದ್ದು ಅವಳ ತಲೆಯಲ್ಲಿ ಕೂತಿತ್ತು. ಅಪ್ಪ ಹೊಲದ ಮಾತು ಬಿಟ್ಟರೆ ಬೇರೆ ಮಾತಾಡಿದವನಲ್ಲ. ಮನೆಯ ತೀರ್ಮಾನವೆಲ್ಲ ಅಜ್ಜನದು.

"ಹರೇದ ಹುಡುಗಿನ್ನ ಒಬ್ಬಾಕಿನ್ನ ಮೋಟಾರ ಬಸ್ಸಿನ್ಯಾಗ ಕಳಸೂದಿಲ್ಲ" ಎಂದ ಅಜ್ಜ. "ಹೋಗೂದಿದ್ರ ಗಂಗವ್ವ ಜೋಡಿ ಹೋಗ್ಲಿ. ಅದೂ ಒಂದ ಸಲ. ಪಾಸಾದ್ರ ಆತು, ಇಲ್ಲಂದ್ರ ಲಗ್ನ."

ಗಂಗವ್ವ ಎಂದರೆ ನಮ್ಮ ಅವ್ವ. ಹೀಗೆ ಅವ್ವ ಮಗಳನ್ನು ಕಾಯಲು ಹೋದಳು. ಮೊದಮೊದಲು ಕ್ಲಾಸಿನ ಮೂಲೆಯಲ್ಲಿ ಸೆರಗು ಹೊದ್ದುಕೊಂಡು ಕಾಳು ಹಸನು ಮಾಡುತ್ತ ಕೂತಿರುತ್ತಿದ್ದಳಂತೆ. ಕಲಿಸುವ ಅಕ್ಕೋರು ಒಂದು ದಿನ, "ಸುಮ್ನ ಯಾಕ ಕುಂಡ್ರತೀರಿ ಗಂಗವ್ವಾರ? ಒಂದು ಮಶೀನ್ ಖಾಲಿ ಐತಿ, ಬರ್ರಿ" ಎಂದು ಕರೆದರು. ಅವ್ವನೂ ಲಗ್ನಕ್ಕಿಂತ ಮೊದಲು ಮುಲ್ಕಿ ಪಾಸಾದವಳೆಂದು ಗೊತ್ತಾದ ಮೇಲೆ ಅವಳನ್ನೂ ಪರೀಕ್ಷೆಗೆ ಕೂರಿಸಿಯೇ ಬಿಟ್ಟರು.

ಆ ವರ್ಷವೆಲ್ಲ ನಮ್ಮ ಪಡಸಾಲೆಯ ತುಂಬ ಕತ್ತರಿಸಿದ ಹಳೆಯ ಪತ್ರಿಕೆಗಳು. ಮೊದಲು ಕಾಗದದ ಅಂಗಿ, ಆಮೇಲೆ ಅರಿವೆಯದು. ಎರಡನ್ನೂ ತೊಡಿಸಿ ನೋಡುತ್ತಿದ್ದದ್ದು ನನಗೆ. "ಏ ಶಾರಿ, ನೆಟ್ಟಗ ನಿಂದರ" ಎಂದು ಅಕ್ಕ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಗದರುವಳು. ಒಂದು ತೋಳು ಗಿಡ್ಡಾದ ಅಂಗಿ ತೊಟ್ಟು ನಾನು ಓಣಿಯಲ್ಲಿ ಕುಂಟಾಟ ಆಡಿದ್ದೇನೆ. ಅವ್ವನ ಸೆರಗಿಗೆ ರೊಟ್ಟಿಯ ವಾಸನೆಯ ಜೊತೆ ಮಶೀನಿನ ಎಣ್ಣೆಯ ವಾಸನೆ ಹತ್ತಿಕೊಂಡಿತ್ತು.

ಧಾರವಾಡಕ್ಕೆ ಹೋಗಿ ಪರೀಕ್ಷೆ ಬರೆದು ಬಂದರು. ಮಳೆ ಹಿಡಿದ ಮೇಲೆ ಒಂದು ದಿನ ಫಲಿತಾಂಶ ಬಂದಿದೆ ಎಂದು ಸುದ್ದಿ ಬಂತು. ಕೈಯ ಮಣ್ಣು ಲಂಗಕ್ಕೆ ಒರೆಸಿಕೊಂಡು ನಾನೂ ಅವರ ಬೆನ್ನು ಹತ್ತಿದೆ.

ಕ್ಲಾಸಿನ ಬಾಗಿಲಲ್ಲೇ ಗದ್ದಲ. ಪಾಸಾದ ಹುಡುಗಿಯರು ಒಬ್ಬರ ಬಾಯಿಗೊಬ್ಬರು ಸಕ್ಕರೆ ಹಾಕುತ್ತಿದ್ದರು. ಒಬ್ಬಳು ಹುಬ್ಬಳ್ಳಿಯ ಸೋದರಮಾವನ ಮನೆಯಲ್ಲಿದ್ದು ಅಂಗಡಿಯೊಂದರಲ್ಲಿ ಹೊಲಿಯುವವಳಿದ್ದಳು. ಇನ್ನೊಬ್ಬಳಿಗೆ ಅತ್ತೆಯ ಮನೆಯವರು ಮಶೀನು ಕೊಡಿಸುತ್ತೇವೆ ಎಂದಿದ್ದರಂತೆ. ಅಕ್ಕೋರು ನಮ್ಮನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು.

"ಗಂಗವ್ವಾರ, ನೀವು ಮೊದಲನೇ ದರ್ಜೆಯೊಳಗ ಪಾಸ್ ಆಗೀರಿ" ಎಂದರು. ಆಮೇಲೆ ಅಕ್ಕನ ಕಡೆ ತಿರುಗಿ, "ಕಸ್ತೂರಿದು ಹೋಗೇತಿ. ಹೊಲಿಗಿ ಚಲೋ ಐತಿ, ಅಳತಿ ಹಾಕಿ ಕತ್ತರಸೂದ್ರಾಗ ಹೋತು" ಎಂದರು.

ಅಕ್ಕ ಹೊರಗೆ ಬಂದು ಗೆಳತಿಯರ ಕೈಯಿಂದ ಸಕ್ಕರೆ ತಿಂದಳು, ನಕ್ಕಳು, ಎಲ್ಲರ ಜೊತೆ ಕೂತು ಗಿರಮಿಟ್ಟೂ ತಿಂದಳು. ನಾನು ನೀರು ಕುಡಿಯಲು ಹಿಂದಕ್ಕೆ ಹೋದಾಗ ಅಲ್ಲಿ ಅಕ್ಕ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ನನ್ನನ್ನು ಕಂಡು, "ಅವ್ವಗ ಹೇಳಬ್ಯಾಡ" ಎಂದಳು.

ಹೊರಡುವಾಗ ಅಕ್ಕೋರು ಅವ್ವನ ಕೈ ಹಿಡಿದರು. "ಹೊಸ ಹುಡುಗ್ಯಾರು ಬರಾಕತ್ತಾರ. ನನಗೊಬ್ಬಾಕಿಗೆ ಆಗೂದಿಲ್ಲ. ನೀವು ಕಲಸಾಕ ಬರ್ರಿ, ಪಗಾರ ಕೊಡಸ್ತೀನಿ."

ಮೋಟಾರು ಹತ್ತಿ ಊರಿಗೆ ಬಂದೆವು. ಮನೆಯ ಕಟ್ಟೆಯ ಮೇಲೆ ಅಜ್ಜ ಕಾಯುತ್ತ ಕೂತಿದ್ದ. ಎಂದಿನಂತೆ ಅವ್ವ ತಲೆಬಾಗಿಲ ಒಳಗೆ ಸರಿದು ಮರೆಯಲ್ಲಿ ನಿಂತಳು.

"ಏನಾತು?"

"ಇಬ್ಬರದೂ ಆಗಲಿಲ್ಲರಿ ಮಾವಾರ."

ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಹೇಳಿದಳು: "ಅಜ್ಜಾ, ಅವ್ವ ಸುಳ್ಳ ಹೇಳಾಕತ್ತಾಳ. ಆಕಿ ಮೊದಲನೇ ದರ್ಜೆಯೊಳಗ ಪಾಸಾಗ್ಯಾಳ. ನಾ ಬಿದ್ದೀನಿ. ಅಕ್ಕೋರು ಆಕಿನ್ನ ಕಲಸಾಕ ಕರದಾರ."

ಅಜ್ಜ ಬಾಗಿಲ ಕಡೆ ತಿರುಗಿದ. "ಪಾಸಾದಾಕಿ ನಪಾಸ ಅಂತ ಯಾಕ ಹೇಳತಿ?"

"ಮಗಳು ಬಿದ್ದ ದಿನ ನಾ ಪಾಸಾದ್ನಿ ಅಂತ ಹೆಂಗ ಹೇಳ್ಲಿರಿ?"

"ಕಲಸಾಕ ಹೋಗತೀಯೇನು?" ಎಂದು ಅಜ್ಜ ಕೇಳಿದ.

ಆಗ ಅವ್ವ ಹೊಸ್ತಿಲು ದಾಟಿ ಹೊರಗೆ ಬಂದಳು. ಅಜ್ಜನ ಎದುರು ಹಾಗೆ ನಿಂತು ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

"ಹೋಗತೀನ್ರಿ. ಆದ್ರ ಕಸ್ತೂರಿ ನನ್ನ ಜೋಡಿ ಬರಬೇಕು, ಇನ್ನೊಂದ ಸಲ ಪರೀಕ್ಷಾ ಕಟ್ಟಬೇಕು. ಲಗ್ನದ ಮಾತು ಆಮ್ಯಾಲ."

ಗೋದಲಿಯ ಕಡೆ ಎತ್ತಿಗೆ ಮೇವು ಹಾಕುತ್ತಿದ್ದ ಅಪ್ಪ ತಿರುಗಿ ಕೂಡ ನೋಡದೆ, "ಹೋಗ್ಲಿ ಬಿಡಪಾ" ಎಂದ.

"ನಾ ಏನ್ ಬ್ಯಾಡ ಅಂದ್ನೇನು?" ಎಂದು ಅಜ್ಜ ಗದರಿದ. ಆಮೇಲೆ ಅಜ್ಜಿಯನ್ನು ಕೂಗಿ, "ಬೆಲ್ಲ ಐತಿಲ್ಲ ಮನ್ಯಾಗ? ಮಾದಲಿ ಮಾಡ್ರಿ" ಎಂದ. ಮೂಲೆ ಹಿಡಿದು ಕೂತಿದ್ದ ಅಕ್ಕನನ್ನು ತಾನೇ ರಟ್ಟೆ ಹಿಡಿದು ಎಬ್ಬಿಸಿ ತನ್ನ ಬಾಜೂಕ್ಕೆ ಊಟಕ್ಕೆ ಕೂಡಿಸಿಕೊಂಡ. ಮಾದಲಿಯ ಮೇಲೆ ತುಪ್ಪ ಬಿದ್ದದ್ದು ಮೊದಲು ಅವಳ ಗಂಗಾಳಕ್ಕೆ. ಸುದ್ದಿ ಕೇಳಿ ಓಣಿಯವರು ಬಂದರು. ಬಂದವರಿಗೆಲ್ಲ ಅಜ್ಜ ಹೇಳಿದ್ದು ಒಂದೇ ಮಾತು: "ಸೊಸಿ ಪಾಸಾದ್ಲು. ಮೊಮ್ಮಗಳು ಆಗಾಕತ್ತಾಳ."

ಮೊಮ್ಮಗಳು ಮುಂದಿನ ಸಲ ಆದಳು. ಅವ್ವನೇ ಅವಳಿಗೆ ಅಳತೆ ಹಾಕುವುದನ್ನು ಕಲಿಸಿದಳು. ಕ್ಲಾಸಿನಲ್ಲಿ ಅಕ್ಕ ಅವಳನ್ನು ಎಲ್ಲರಂತೆ ಅಕ್ಕೋರ ಎಂದೇ ಕರೆಯಬೇಕಿತ್ತು, ಮನೆಗೆ ಬಂದು ಇಬ್ಬರೂ ಅದಕ್ಕೆ ನಗುತ್ತಿದ್ದರು. ಆಮೇಲೆ ಅಕ್ಕನಿಗೆ ಗದಗಿನ ಕಡೆ ಸಾಲೆಯಲ್ಲಿ ನೌಕರಿ ಆಯಿತು, ಲಗ್ನವೂ ಆಯಿತು. ಅವ್ವ ಕಣ್ಣು ಮಂಜಾಗುವವರೆಗೆ ನವಲಗುಂದಕ್ಕೆ ಹೋಗಿ ಕಲಿಸಿದಳು.

ಅಜ್ಜ, ಅಪ್ಪ, ಅವ್ವ ಈಗ ಯಾರೂ ಇಲ್ಲ. ನಮ್ಮ ಮನೆಯಲ್ಲಿ ಫಲಿತಾಂಶಗಳು ಮಾತ್ರ ಬರುತ್ತಲೇ ಇರುತ್ತವೆ. ನನ್ನ ಮೊಮ್ಮಕ್ಕಳು ಫೋನಿನಲ್ಲೇ ನೋಡಿಕೊಳ್ಳುತ್ತಾರೆ. ಚಲೋ ಬಂದರೆ ಕೇಕು ತರಿಸುತ್ತಾರೆ, ಬರದಿದ್ದರೆ ಕೋಣೆ ಸೇರಿ ಅಗಳಿ ಹಾಕಿಕೊಳ್ಳುತ್ತಾರೆ. ಹೋದ ವರ್ಷ ಡಿಪ್ಲೊಮಾದಲ್ಲಿ ಒಂದು ವಿಷಯ ಉಳಿಸಿಕೊಂಡ ಮೊಮ್ಮಗನ ಬಾಗಿಲ ಹೊರಗೆ ಊಟದ ತಾಟು ಹಿಡಿದು ನಾನು ಬಹಳ ಹೊತ್ತು ನಿಂತಿದ್ದೆ. ಹಾಗೆ ಮೂಲೆ ಹಿಡಿದವರನ್ನು ಗದರಿ, ರಟ್ಟೆ ಹಿಡಿದು ಎಬ್ಬಿಸಿ ತರುವ ಅಧಿಕಾರ ಅಜ್ಜನಿಗೆ ಇತ್ತು. ನನಗೆ ಬಾಗಿಲು ಬಡಿಯಲೂ ಧೈರ್ಯ ಆಗಲಿಲ್ಲ.