ಮಾತಾಡಿಸಿ ಬರುವುದು

ಹಂಚಿನ ಮೇಲೆ ರೊಟ್ಟಿ ಉಬ್ಬುತ್ತಿತ್ತು. ಪಕ್ಕದಲ್ಲಿಟ್ಟಿದ್ದ ಮೊಬೈಲು ಟಿಂಗ್ ಎಂದಿತು. ಮಗನ ಶಾಲೆಯ ಪಾಲಕರ ಇ-ಮೇಲ್ ಗುಂಪು. ನಿಮಗೂ ಇಂಥದೊಂದು ಕಾಟ ಇದ್ದೇ ಇರುತ್ತದೆ ಬಿಡಿ. ಶಾಲೆಯ ಗಿಡಗಳಿಗೆ ನೀರು ಹಾಕುವವರು ಯಾರು, ಪುಸ್ತಕಗಳಿಗೆ ರಟ್ಟು ಹಾಕುವವರು ಯಾರು ಎಂದು ದಿನವಿಡೀ ತಲೆ ತಿನ್ನುತ್ತದೆ. ಈ ಸಲ ಬರೆದವಳು ಇಲ್ಲೇ ಕಡಗಂಚಿಯಲ್ಲಿ, ನಮ್ಮ ಹಿಂದಿನ ಓಣಿಯಲ್ಲಿರುವ ರೇವತಿ. ‘ಸ್ವಲ್ಪ ಆರಾಮಿಲ್ಲ. ಶನಿವಾರದ ಕೆಲಸ ಯಾರಾದರೂ ನೋಡಿಕೊಳ್ಳಿ.’ ರೊಟ್ಟಿ ತಿರುವಿ ಹಾಕುವಷ್ಟರಲ್ಲಿ ಉತ್ತರಗಳ ಸುರಿಮಳೆ: ನಾನು ಮಾಡುತ್ತೇನೆ, ಇಲ್ಲ ನಾನು ಮಾಡುತ್ತೇನೆ, ಬೇಗ ಗುಣಮುಖರಾಗಿ, ಒಂದು ಹೂವಿನ ಚಿತ್ರ, ಒಂದು ಕೈಮುಗಿದ ಚಿತ್ರ. ನೋಡುತ್ತ ನಿಂತೆ, ರೊಟ್ಟಿ ಸೀದುಹೋಯಿತು.

ಇದೇ ಮಾತನ್ನು ನನ್ನ ಅವ್ವ ಒಮ್ಮೆ ಬರೆಸಿದ್ದಳು, ಇಂಥದೇ ಒಂದು ಗುಂಪಿಗೆ.

ತೊಂಬತ್ತರ ದಶಕದ ಕೊನೆ. ನಾನು ಗುಲಬರ್ಗಾದ ಹೆಣ್ಣುಮಕ್ಕಳ ವಸತಿ ಶಾಲೆಯಲ್ಲಿದ್ದೆ. ಹಾಸ್ಟೆಲಿನ ಸಾರನ್ನು ಕಂಡರೆ ನಮಗೆಲ್ಲ ಕಣ್ಣೀರು. ಆದ್ದರಿಂದ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ತಾಯಿ-ತಂದೆಯರು ಕೂಡಿಕೊಂಡು, ಪ್ರತಿ ಐತಾರ, ಅಂದರೆ ಭಾನುವಾರ, ಸರದಿಯ ಮೇಲೆ ಎಲ್ಲ ಹುಡುಗಿಯರಿಗೂ ಬುತ್ತಿ ತರುವ ಪದ್ಧತಿ ಇಟ್ಟುಕೊಂಡಿದ್ದರು. ಸರದಿಯ ಸುದ್ದಿ ಬಸ್ಸಿನ ಕಂಡಕ್ಟರರ ಬಾಯಲ್ಲಿ ಓಡಾಡುತ್ತಿತ್ತು. ಓಡಾಡುವಾಗ ದಾರಿ ತಪ್ಪುತ್ತಲೂ ಇತ್ತು. ಒಂದು ಐತಾರ ಮೂರೂ ತಾಲ್ಲೂಕಿನಿಂದ ಶೇಂಗಾದ ಹೋಳಿಗೆಯೇ ಬಂತು. ತಿಂದವರ ಹೊಟ್ಟೆಯ ಕಥೆ ಕೇಳಬೇಡಿ. ಮುಂದಿನ ಐತಾರ ಯಾರೂ ಬರಲಿಲ್ಲ.

ಆದರೆ ಒಂದು ಮಾತಿತ್ತು. ಬುತ್ತಿ ಬಾರದಿದ್ದರೆ ಆ ಮನೆಗೆ ಯಾರಾದರೊಬ್ಬರು ಹೋಗಿಬರುತ್ತಿದ್ದರು. ನಮ್ಮ ಕಡೆ ಇದಕ್ಕೆ ಮಾತಾಡಿಸಿ ಬರುವುದು ಎನ್ನುತ್ತಾರೆ. ಆರಾಮಿಲ್ಲ ಎಂದು ಕಿವಿಗೆ ಬಿದ್ದರೆ ಹೋಗಲೇಬೇಕು. ಹೋಗಿ ಕೂತು ಒಂದು ಕಪ್ ಚಹಾ ಕುಡಿದು ಬರಬೇಕು. ಒಮ್ಮೆ ಜೇವರ್ಗಿಯ ಶರಣಪ್ಪ ಮಾಸ್ತರರ ಮನೆಯಿಂದ ಬುತ್ತಿ ಬರಲಿಲ್ಲ. ನನ್ನನ್ನು ನೋಡಲು ಬಂದಿದ್ದ ಅವ್ವ ನಮ್ಮೂರು ಅಫಜಲಪುರದ ಬಸ್ಸು ಬಿಟ್ಟು ಜೇವರ್ಗಿಯ ಬಸ್ಸು ಹತ್ತಿದಳು. ಹೋಗಿ ನೋಡಿದರೆ ಮಾಸ್ತರರ ಹೆಂಡತಿ ಗುಂಡುಕಲ್ಲಿನಂತೆ ಕೂತು ಅವರೆಕಾಯಿ ಸುಲಿಯುತ್ತಿದ್ದರಂತೆ. ಬಸ್ಸು ತಪ್ಪಿತ್ತು, ಅಷ್ಟೇ.

“ಸುಮ್ನ ಹೋದೆಲ್ಲ ಅವ್ವಾ” ಎಂದು ನಾನು ನಕ್ಕಿದ್ದೆ.

“ಸುಮ್ನ ಹೋಗೂದು ಚಲೋ ಬೇ. ಕೆಲ್ಸ ಇದ್ದು ಹೋಗೂದು ಯಾರಿಗಿ ಬೇಕು?” ಎಂದಿದ್ದಳು.

ಹೋಳಿಗೆಯ ಹಗರಣವಾದ ಮೇಲೆ ಶರಣಪ್ಪ ಮಾಸ್ತರರಿಗೆ ಹೊಸ ಹುಕಿ ಹುಟ್ಟಿತು. ಆಗ ಮೂರೂ ಊರಿನ ಫೋನು ಬೂತುಗಳಿಗೆ ಒಂದೊಂದು ಕಂಪ್ಯೂಟರು ಬಂದಿತ್ತು. ಒಂದು ಕಡೆ ಬರೆದರೆ ಎಲ್ಲ ಪಾಲಕರಿಗೂ ಒಟ್ಟಿಗೇ ಮುಟ್ಟುವಂತೆ ಅವರು ಇ-ಮೇಲ್ ಗುಂಪು ಮಾಡಿಸಿದರು. ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಒತ್ತಬೇಕು. ಬಂದದ್ದನ್ನು ಬೂತಿನವರು ಓದಿ ಹೇಳಬೇಕು. ಅವ್ವನಿಗೆ ಅದು ಹಬ್ಬವಾಯಿತು. ರಜೆಯಲ್ಲಿ ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಬೂತಿನ ಮಕಬೂಲ್ ಭಾಯಿ ಒತ್ತುತ್ತ ಕೂತಿದ್ದ.

“ಮೊದಲ ಎಲ್ಲಾರಿಗೂ ಶರಣಾರ್ಥಿ ಅಂತ ಹಾಕಪ್ಪ. ಆಳಂದದಾಗ ಮಳಿ ಆತೇನು ಕೇಳು. ಮಾಸ್ತರರ ಆಕಳ ಈಯ್ತೇನು ಕೇಳು.”

“ಅಕ್ಕಾರೆ, ಲೈನ್ ಹೋಗ್ತದ್ರಿ. ಬುತ್ತಿದು ಹೇಳ್ರಿ ಜಲ್ದಿ!”

“ಹೇಳಾಕತ್ತೇನಿ ತಡಿಯಪ್ಪ. ಮಾತಾಡ್ಸದ ಬುತ್ತಿ ಹ್ಯಾಂಗ ಕೇಳೂದು?”

ಗುಂಪು ಚೆನ್ನಾಗಿ ನಡೆಯಿತು. ಸುಳ್ಳು ಯಾಕೆ ಹೇಳಲಿ, ಆಮೇಲೆ ಒಂದು ಐತಾರವೂ ನಾವು ಬುತ್ತಿಯಿಲ್ಲದೆ ಕೂರಲಿಲ್ಲ. ಯಾರಾದರೂ ಬರುವುದಿಲ್ಲವೆಂದರೆ ಇನ್ನೊಬ್ಬರು ಮೊದಲೇ ತಯಾರು. ಬುತ್ತಿ ತಪ್ಪಲಿಲ್ಲವಾದ್ದರಿಂದ ಯಾರೂ ಯಾರ ಮನೆಗೂ ಹೋಗಬೇಕಾಗಲಿಲ್ಲ.

ಅಪ್ಪ ತೊಗರಿ ವ್ಯಾಪಾರದವನು. ಸುಗ್ಗಿ ಬಂತೆಂದರೆ ಸೊಲ್ಲಾಪುರದ ದಾಲ್ ಮಿಲ್ಲುಗಳ ಕಡೆಗೇ ಇರುತ್ತಿದ್ದ. ಅಂಥದೊಂದು ಸುಗ್ಗಿಯಲ್ಲಿ, ಮನೆಯಲ್ಲಿ ಒಬ್ಬಳೇ ಇದ್ದಾಗ, ಅವ್ವನಿಗೆ ಜ್ವರ ಬಂತು. ಬೂತಿನವರೆಗೆ ನಡೆದುಹೋಗಿ ಬರೆಸಿದಳು: ‘ಸ್ವಲ್ಪ ಆರಾಮಿಲ್ಲ. ಈ ಐತಾರದ ಬುತ್ತಿ ಯಾರಾದರೂ ನೋಡಿಕೊಳ್ರಿ.’ ಶರಣಾರ್ಥಿ ಇಲ್ಲ, ಮಳೆ ಇಲ್ಲ, ಆಕಳು ಇಲ್ಲ. ಅಷ್ಟು ಮಾತಿನ ಹೆಂಗಸು ಎರಡೇ ಸಾಲು ಬರೆಸಿದ್ದಳು. ಬುತ್ತಿಯವರಲ್ಲಿ ಒಬ್ಬರು ಅವಳ ಮುಖ ನೋಡಿದ್ದರೂ ತಿಳಿಯುತ್ತಿತ್ತು.

ಎಲ್ಲರಿಗೂ ಮುಟ್ಟಿತು. ಆ ಐತಾರ ಆಳಂದದಿಂದ ಸಜ್ಜೆರೊಟ್ಟಿ ಬಂತು, ಜೇವರ್ಗಿಯಿಂದ ಎಣ್ಣೆಗಾಯಿ ಬಂತು, ಇನ್ನಾರೋ ಕಡುಬು ತಂದರು. ನಾನು ಬಾಯಿ ಚಪ್ಪರಿಸಿ ತಿಂದೆ. ನಿಮ್ಮವ್ವನಿಗೆ ಹೇಗಿದೆಯಮ್ಮ ಎಂದು ಎಲ್ಲರೂ ನನ್ನನ್ನೇ ಕೇಳಿದರು. ನನಗೇನು ಗೊತ್ತು? ಆರಾಮಾಗಿರಬೇಕ್ರಿ ಎಂದೆ.

ಸೋಮವಾರ ಗೊಬ್ಬೂರಿನಿಂದ ಅಜ್ಜಿ ಏನೋ ಕೆಲಸಕ್ಕೆಂದು ಮಗಳ ಮನೆಗೆ ಬಂದವಳು, ಒಳಗಿಂದ ಅಗಳಿ ಹಾಕಿದ್ದ ಬಾಗಿಲನ್ನು ಒಡೆಸಿದಳು. ಅವ್ವನಿಗೆ ಮೈಮೇಲೆ ಎಚ್ಚರವಿರಲಿಲ್ಲ. ಟೆಂಪೊದಲ್ಲಿ ಗುಲಬರ್ಗಾಕ್ಕೆ ತಂದರು. ಎರಡು ದಿನ ಮೊದಲು ಬಂದಿದ್ದರೆ ಎಂದರಂತೆ ಡಾಕ್ಟರು. ಮರುದಿನ ಅವ್ವ ತೀರಿಕೊಂಡಳು. ಆಸ್ಪತ್ರೆ ನಮ್ಮ ಹಾಸ್ಟೆಲಿನಿಂದ ದೂರವೇನಿರಲಿಲ್ಲ. ನನಗೆ ಹೇಳುವಷ್ಟರಲ್ಲಿ ಮುಗಿದಿತ್ತು.

ಮೂರನೆಯ ದಿನ ಮಾಸ್ತರರು ಬಂದರು. ನನ್ನ ಮುಂದೆ ಕೂತು ಮಕ್ಕಳ ಹಾಗೆ ಅತ್ತರು. “ಯಾರರ ಹೋಗಿರ್ತಾರ ಅಂತ ಎಲ್ಲಾರೂ ಸುಮ್ಮನಿದ್ದಿವಿ ತಾಯಿ” ಎಂದರು. ಮೂಲೆಯಲ್ಲಿದ್ದ ಅಜ್ಜಿ, “ಹತ್ತು ಮಂದಿ ಕೂಡಿದಲ್ಲಿ ಹಾವು ಸಾಯೂದಿಲ್ರಿ ಮಾಸ್ತರ” ಎಂದಳು. ಅಷ್ಟೇ ಅಂದು, ಅವರಿಗೆ ಚಹಾಕ್ಕಿಟ್ಟಳು. ನಾನು ಮಾತ್ರ ಅವರೊಡನೆ ಬಹಳ ವರ್ಷ ಮಾತಾಡಲಿಲ್ಲ. ಕೆಟ್ಟವರೆಂದಲ್ಲ. ಅಷ್ಟು ಒಳ್ಳೆಯ ಜನ ಅಷ್ಟು ಬುತ್ತಿ ಹೊತ್ತು ಬಂದರಲ್ಲ, ಒಬ್ಬರಾದರೂ ಅಫಜಲಪುರದ ಬಸ್ಸು ಹತ್ತಬಾರದಿತ್ತೆ ಎಂಬ ಸಂಕಟ. ಅದು ಈಗಲೂ ಇದೆ.

ಸೀದ ರೊಟ್ಟಿ ಬದಿಗಿಟ್ಟು ಒಲೆ ಆರಿಸಿದೆ. ಹಿಂದಿನ ಓಣಿಗೆ ಹೋಗಿ ಬಾಗಿಲು ಬಡಿದೆ. ತೆಗೆಯುವುದು ತುಸು ತಡವಾಯಿತು. ಮತ್ತೆ ಬಡಿದೆ, ಹೆಸರು ಹಿಡಿದು ಕೂಗಿದೆ. ಕಡೆಗೂ ರೇವತಿ ಮೂಗು ಒರೆಸಿಕೊಳ್ಳುತ್ತ ಬಂದಳು.

“ಅಯ್ಯ, ನೀವ್ಯಾಕ ಬಂದ್ರಿ? ಮೇಲ್ ನೋಡಿಲ್ಲೇನ್ರಿ? ಕೆಲ್ಸಕ್ಕ ಮಂದಿ ಸಿಕ್ಕಾರಲ್ರಿ.”

“ನೋಡೇನ್ರಿ.”

ಹಣೆ ಮುಟ್ಟಿ ನೋಡಿದೆ. ತಣ್ಣಗಿತ್ತು. ನೆಗಡಿ, ಬರೇ ನೆಗಡಿ. ಅಲ್ಲಿಯೇ ಹೊಸ್ತಿಲ ಮೇಲೆ ಕೂತುಬಿಟ್ಟೆ. ಅಳು ತಡೆಯಲಾಗಲಿಲ್ಲ.

“ಏನಾತ್ರಿ? ಯಾಕ ಅಳಾಕತ್ತೀರಿ?” ಎಂದು ಅವಳು ಗಾಬರಿಯಾದಳು.

“ಏನಿಲ್ರಿ” ಎಂದೆ. “ಸುಮ್ನ ಬಂದೇನಿ. ಒಂದು ಕಪ್ ಚಹಾ ಮಾಡ್ರಿ.”