ಬೆಲ್ಲ ಬಿಟ್ಟ ಒಂಬತ್ತು ತಿಂಗಳು

ನಿನ್ನೆ ಹಾಸ್ಟೆಲಿನ ಅಡಿಗೆಮನೆಯಲ್ಲಿ ಬೆಲ್ಲದ ಪಾಕ ಸೀದುಹೋಯಿತು. ನಾನು ತಟ್ಟೆಯನ್ನು ಅಲ್ಲೇ ಬಿಟ್ಟು ಕೋಣೆಗೆ ಬಂದು ಕಿಟಕಿ ಮುಚ್ಚಿದೆ. ಆ ವಾಸನೆ ನನಗೆ ಅಡಿಗೆಯದಲ್ಲ, ಎಳೆಗೂಸಿನ ಮೂತ್ರದ ಬಟ್ಟೆಯದು…

ಏಳು ವರ್ಷದ ಹಿಂದೆ ಸಾಗರದಲ್ಲಿ ನಮ್ಮ ಪಕ್ಕದ ಮನೆಯ ಸೊಸೆಯನ್ನು ನಾನು ಅತ್ತಿಗೆ ಎನ್ನುತ್ತಿದ್ದೆ. ಹೊಸನಗರದವರು, ಸ್ವಂತ ಸೋದರತ್ತೆಯ ಮಗನನ್ನೇ ಮದುವೆಯಾಗಿ ಬಂದಿದ್ದರು. ಮೊದಲ ಎರಡು ಮಕ್ಕಳೂ ಹದಿನೈದು ದಿನ ತುಂಬುವ ಮೊದಲೇ ಹಾಲು ಬಿಟ್ಟು, ಸೆಟೆದುಕೊಂಡು ತೀರಿಹೋಗಿದ್ದವು. ಎರಡರ ಬಟ್ಟೆಗೂ ಸೀದ ಬೆಲ್ಲದ ವಾಸನೆ. ಕಾರಣವನ್ನು ಅವರ ಅತ್ತೆ ಕಂಡುಹಿಡಿದರು.

"ಬಸುರಲ್ಲಿ ಬೆಲ್ಲದ ಡಬ್ಬಿ ಬಿಟ್ಟು ಏಳ್ತಿರಲಿಲ್ಲ ಮಾರಾಯ್ತಿ. ಮಗೀಗೆ ಅದೇ ವಿಷ ಆತು," ಎಂದು ಬಾವಿಕಟ್ಟೆಯಲ್ಲಿ ಹತ್ತು ಜನರ ಮುಂದೆ ಹೇಳಿದರು. ಹೇಳಿದ್ದು ಸ್ವಂತ ಅಣ್ಣನ ಮಗಳ ಬಗ್ಗೆ.

ಮೂರನೆಯ ಬಸುರಿನಲ್ಲಿ ಅತ್ತಿಗೆ ಬೆಲ್ಲ ಬಿಟ್ಟರು. ಹಬ್ಬದ ದಿನವೂ ಪಾಯಸ ಮುಟ್ಟದೆ ಎಲೆ ಬಿಟ್ಟೆದ್ದದ್ದನ್ನು ನಾನೇ ನೋಡಿದ್ದೇನೆ. ಹೆರಿಗೆಯಾದ ಆರನೆಯ ದಿನ ಬಾಣಂತಿ ಕೋಣೆಯ ಕಿಟಕಿಯಿಂದ ನನ್ನನ್ನು ಕರೆದು ಒಂದು ಬಟ್ಟೆ ಚಾಚಿದರು.

"ಮೂಸಿ ನೋಡೇ. ಒಂಬತ್ತು ತಿಂಗಳು ಒಂದು ಚೂರು ಬಾಯಿಗೆ ಹಾಕಿಲ್ಲ. ಮತ್ತೂ ಅದೇ ವಾಸ್ನೆ. ಅಂದ್ರೆ ಬೆಲ್ಲದಿಂದ ಅಲ್ಲ, ಅಲ್ವೇನೇ?"

ಈಗ ಜೀವರಸಾಯನ ಓದುತ್ತಿರುವ ನಾನು ಹೇಳಬಲ್ಲೆ: ಆ ರೋಗದ ಬಗ್ಗೆ ನಮ್ಮೂರಿನಲ್ಲಿ ಸರಿಯಾದ ಪರೀಕ್ಷೆ ನಡೆಸಿದವರು ಅವರೊಬ್ಬರೇ. ಫಲಿತಾಂಶ ಏನೆಂದು ಅವರನ್ನು ಯಾರೂ ಕೇಳಲಿಲ್ಲ.

ಊರಿನ ಡಾಕ್ಟರು ಹೇಳಿಕಳಿಸಿದ್ದರಿಂದ, ಮಕ್ಕಳ ಅಪರೂಪದ ರೋಗಗಳ ಸಂಶೋಧನೆ ಮಾಡುವ ದೊಡ್ಡ ಡಾಕ್ಟರೊಬ್ಬರು ಕಾರಿನಲ್ಲಿ ಬಂದರು. ಮಗುವಿನ ಮೂತ್ರ, ರಕ್ತ ಸೀಸೆಗೆ ತುಂಬಿಕೊಂಡರು. ಫೋಟೋ ತೆಗೆದರು. ಗಂಡಹೆಂಡಿರ ಸಂಬಂಧ ಕೇಳಿದ್ದು ಕೂಡ ಅತ್ತೆಯನ್ನೇ. ಆಮೇಲೆ ಸಹಾಯಕನ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಇದು ತಂದೆ ತಾಯಿ ಇಬ್ಬರಿಂದಲೂ ಸೇರಿ ಬರುವುದು, ಔಷಧಿಯಿಲ್ಲ, ಆದರೆ ಎಂಥ ಒಳ್ಳೆಯ ಕೇಸು ಎಂದರು. ಬಿಸಿನೀರು ಹಿಡಿದು ನಿಂತಿದ್ದ ನಾನು ಆಗಷ್ಟೇ ಕಾಲೇಜು ಸೇರಿದ್ದೆ. ನನಗೆ ಅರ್ಥವಾಯಿತು.

"ಡಾಕ್ಟ್ರೇ, ನನ್ನಿಂದ ಆಗಿದ್ದಾ ಇದು?" ಅತ್ತಿಗೆ ಕೇಳಿದರು.

"ಎಲ್ಲಾ ಕಾಗದ ಬರೆದು ತಿಳಿಸ್ತೀವಮ್ಮ," ಎಂದು ಅವರು ಚೀಲ ಮುಚ್ಚಿದರು.

ಅವರಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು. ನನಗೂ ಬರುತ್ತಿತ್ತು. ಹಿರಿಯರ ನಡುವೆ ಬಾಯಿ ಹಾಕಬಾರದೆಂದು ಸುಮ್ಮನಿದ್ದೆ. ಆಮೇಲಾದರೂ ಹೇಳಬಹುದಿತ್ತು, ಡಾಕ್ಟರ ಕಾಗದ ಬಂದರೆ ಎಲ್ಲರೂ ನಂಬುತ್ತಾರೆ ಎಂದುಕೊಂಡೆ…

ನಾಲ್ಕು ದಿನಕ್ಕೆ ಮಗು ಹೋಯಿತು. ಕಾಗದ ಬರಲಿಲ್ಲ. ಪೋಸ್ಟ್‌ಮ್ಯಾನ್ ನಮ್ಮ ಬೀದಿ ದಾಟುವವರೆಗೂ ಅತ್ತಿಗೆ ಜಗುಲಿಯಲ್ಲಿ ನಿಂತಿರುತ್ತಿದ್ದರು. ಕೊನೆಗೊಂದು ದಿನ ಅವರನ್ನು ಹೊಸನಗರದ ಬಸ್ಸು ಹತ್ತಿಸಿದರು. ತೀರ್ಥಹಳ್ಳಿಯ ಕಡೆಯಿಂದ, ಯಾವ ಸಂಬಂಧವೂ ಇಲ್ಲದ ಮನೆಯಿಂದ, ಗಂಡನಿಗೆ ಇನ್ನೊಂದು ಹೆಣ್ಣು ತಂದರು. ಎರಡು ಮಕ್ಕಳು ಗುಂಡಗುಂಡಗೆ ಬೆಳೆದವು.

"ದೋಷ ಯಾರದ್ದು ಅಂತ ಈಗಾದ್ರೂ ತಿಳೀತಾ?" ಎಂದಿತು ಇಡೀ ಬೀದಿ.

ತಂದೆ ತಾಯಿ ಇಬ್ಬರಲ್ಲೂ ದೋಷವಿದ್ದರೆ ಮಾತ್ರ ಮಗುವಿಗೆ ರೋಗ ಬರುತ್ತದೆ. ಹೊಸ ಹೆಂಡತಿಯಲ್ಲಿ ಅದು ಇರಲಿಲ್ಲ, ಅಷ್ಟೇ. ಅವನು ತನ್ನ ಪಾಲನ್ನು ಈಗಲೂ ಮೈಯಲ್ಲಿ ಹೊತ್ತುಕೊಂಡೇ ಜವಳಿ ಅಂಗಡಿಗೆ ಹೋಗಿಬರುತ್ತಾನೆ, ಜನರಿಂದ ನಮಸ್ಕಾರ ಪಡೆಯುತ್ತಾನೆ.

ಈ ವರ್ಷ ಇದರ ಪೂರ್ತಿ ಪಾಠವಾದ ಮೇಲೆ, ರಜೆಯಲ್ಲಿ ಹೊಸನಗರಕ್ಕೆ ಹೋದೆ. ಅತ್ತಿಗೆ ಹಿಂದಿನ ವರ್ಷವೇ ಜ್ವರದಲ್ಲಿ ತೀರಿಕೊಂಡಿದ್ದರು.

"ತಮ್ಮನ ಮಕ್ಕಳನ್ನ ಒಂದಿನ ಎತ್ಕಳ್ಲಿಲ್ಲ ಕಣೇ," ಎಂದರು ಅವರ ತಾಯಿ. "ನನ್ ಕೈ ತಾಗಿ ಏನಾದ್ರೂ ಆದೀತು ಅಂತಿದ್ಲು."

ಅವರೊಬ್ಬರಿಂದ ಆದದ್ದಲ್ಲ, ಇಬ್ಬರಿಂದಲೂ ಎಂದು ಬಿಡಿಸಿ ಹೇಳಿದೆ. ಆ ತಾಯಿ ನನ್ನ ಮುಖವನ್ನೇ ನೋಡಿದರು.

"ನಿಂಗೆ ಯಾವಾಗ ಗೊತ್ತಾತು?"

"ಈ ವರ್ಷ, ಕಾಲೇಜಲ್ಲಿ," ಎಂದೆ.

ಸಂಜೆಯ ಬಸ್ಸಿಗೆ ವಾಪಸು ಬಂದೆ. ಆ ಡಾಕ್ಟರ ಮೇಲಿನ ಸಿಟ್ಟು ನನಗಿನ್ನೂ ಆರಿಲ್ಲ. ಆ ತಾಯಿಗೆ ನಾನಿನ್ನೂ ನಿಜ ಹೇಳಿಲ್ಲ. ಅತ್ತಿಗೆ ಇದ್ದಿದ್ದರೆ ಅವರಿಗೀಗ ಮೂವತ್ತು ತುಂಬುತ್ತಿತ್ತು.